ಜೊತೆಗಾರನ ಮನೆಯವರಿಗೆ ಏನು ಹೇಳಿದಿರಿ?

ನಿವೃತ್ತ ಸ್ಯಾಪರ್, ಹಲಸೂರು

ಇಲ್ಲಿ ಬರೆಯುವ ನಿವೃತ್ತ ಸೈನಿಕರಲ್ಲಿ, ಜೊತೆಗಾರನನ್ನು ಕಳೆದುಕೊಂಡು ಆಮೇಲೆ ಅವನ ಮನೆಯ ಬಾಗಿಲಿಗೆ ಹೋಗಿ ನಿಂತವರು ಕೆಲವರಾದರೂ ಇದ್ದೀರಿ ಎಂಬ ನಂಬಿಕೆಯಿಂದ ಈ ಪ್ರಶ್ನೆಯನ್ನು ಇಡುತ್ತಿದ್ದೇನೆ. ಪ್ರಶ್ನೆ ಚಿಕ್ಕದು, ಹಿನ್ನೆಲೆ ಸ್ವಲ್ಪ ಉದ್ದ. ಎಪ್ಪತ್ತೈದು ದಾಟಿದವನ ಬರವಣಿಗೆ ಎಂದು ಸಹಿಸಿಕೊಳ್ಳಬೇಕು.

ನಾನು ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವನು. ಹಲಸೂರು ಕೆರೆಯ ಪಕ್ಕದ ಕೇಂದ್ರದಲ್ಲಿಯೇ ತರಬೇತಿ ಪಡೆದವನು. ನಮ್ಮಲ್ಲಿ ತಮಿಳರು, ತೆಲುಗರು, ಮಲಯಾಳಿಗಳು, ಕನ್ನಡಿಗರು ಎಲ್ಲರೂ ಇದ್ದರೂ ಉಳಿದ ಸೈನ್ಯದವರ ಬಾಯಲ್ಲಿ ನಾವೆಲ್ಲ ‘ತಂಬಿ’ಗಳೇ. ನನ್ನ ಜೊತೆಗಾರ ಮುಳಬಾಗಿಲಿನ ಕಡೆಯವನು, ಮನೆಮಾತು ತೆಲುಗು. ಕನ್ನಡವನ್ನು ನನಗಿಂತ ಚೆನ್ನಾಗಿ ಆಡುತ್ತಿದ್ದ, ಆದರೆ ಬರೆಯಲು ಕುಳಿತರೆ ಬೆವರುತ್ತಿದ್ದ. ಹಾಗಾಗಿ ಅವನ ತಾಯಿಗೆ ಹೋಗುತ್ತಿದ್ದ ಇನ್‌ಲ್ಯಾಂಡ್ ಪತ್ರಗಳನ್ನೆಲ್ಲ ನಾನೇ ಬರೆಯುತ್ತಿದ್ದೆ. ಅವನು ಹೇಳಿದ್ದನ್ನು ಬರೆದು, ಓದಿ ಹೇಳಿ, ಕೊನೆಯಲ್ಲಿ ಅವನಿಂದ ಹೆಸರು ಹಾಕಿಸುತ್ತಿದ್ದೆ. ನಾವು ಯಾವ ಊರಿನಲ್ಲಿದ್ದೇವೆಂದು ಬರೆಯುವಂತಿರಲಿಲ್ಲ. ತುಕಡಿಯ ಹೆಸರು, ಕೆಳಗೆ ಸೇನಾ ಅಂಚೆ ಕಚೇರಿಯ ಗುರುತಾದ ‘56 ಎಪಿಒ’, ಇಷ್ಟೇ ವಿಳಾಸ.

1971ರ ಡಿಸೆಂಬರಿನಲ್ಲಿ ಪಶ್ಚಿಮ ಗಡಿಯಲ್ಲಿದ್ದೆವು. ಶಕರ್‌ಗಢದ ಕಡೆ ಬಸಂತರ್ ನದಿಯ ಬಳಿ ಶತ್ರುವಿನ ನೆಲಬಾಂಬುಗಳ ನಡುವೆ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟ 9ನೇ ಎಂಜಿನಿಯರ್ ರೆಜಿಮೆಂಟಿನ ಹೆಸರನ್ನು ಹಲವರು ಕೇಳಿರುತ್ತೀರಿ. ಆ ಕೆಲಸದಲ್ಲಿ ಪ್ರಾಣ ಕೊಟ್ಟ ಮೇಜರ್ ವಿಜಯ್ ರತ್ತನ್ ಚೌಧರಿಯವರಿಗೆ ಮಹಾವೀರ ಚಕ್ರ ಬಂದಿತು. ನಾವು ಆ ರೆಜಿಮೆಂಟಿನವರಲ್ಲ, ನಮ್ಮ ಪಾಲಿಗೆ ಬಂದದ್ದು ಅಷ್ಟು ಹೆಸರಾಗದ ಕೆಲಸ. ಯುದ್ಧಕ್ಕೆ ಮೊದಲು ಗಡಿಯ ಈಚೆ, ನಮ್ಮ ರೈತರ ಹೊಲಗಳಲ್ಲಿ, ಶತ್ರು ನುಗ್ಗದಂತೆ ನಾವೇ ನೆಲಬಾಂಬುಗಳನ್ನು ನೆಟ್ಟಿದ್ದೆವು. ಡಿಸೆಂಬರ್ 17ರ ಸಂಜೆ ಕದನವಿರಾಮವಾಯಿತು. ನೆಟ್ಟದ್ದನ್ನು ತೆಗೆಯುವ ಕೆಲಸ ಅದರ ಮರುದಿನದಿಂದ ಶುರುವಾಯಿತು.

ಈ ಕೆಲಸವನ್ನು ಕಾಣದವರಿಗೆ ಎರಡು ಮಾತು. ನೆಲಬಾಂಬನ್ನು ಬೀಜ ಎರಚಿದಂತೆ ಎರಚುವುದಿಲ್ಲ. ಸಾಲು ಹಿಡಿದು, ಅಳತೆ ಇಟ್ಟು, ನಕ್ಷೆ ಬರೆದು ನೆಡುತ್ತಾರೆ. ತೆಗೆಯುವಾಗ ಹೊಟ್ಟೆಯ ಮೇಲೆ ಮಲಗಿ, ಕಡ್ಡಿಯನ್ನು ಓರೆಯಾಗಿ ನೆಲಕ್ಕೆ ಚುಚ್ಚುತ್ತ, ಗಟ್ಟಿಯಾದದ್ದು ತಾಕಿತೇ ಎಂದು ನೋಡುತ್ತ, ಬೆರಳಿನಿಂದ ಮಣ್ಣು ಬಿಡಿಸುತ್ತ ಅಂಗುಲ ಅಂಗುಲವಾಗಿ ಸಾಗಬೇಕು. ನೆಟ್ಟದ್ದೆಷ್ಟು, ತೆಗೆದದ್ದೆಷ್ಟು ಎಂಬ ಲೆಕ್ಕ ತಾಳೆಯಾಗದೆ ಹೊಲವನ್ನು ರೈತನಿಗೆ ಬಿಟ್ಟುಕೊಡುವಂತಿಲ್ಲ. ಜನವರಿಯಲ್ಲಿ ಒಂದು ಸಾಲಿನಲ್ಲಿ ಲೆಕ್ಕಕ್ಕೆ ಒಂದು ಕಡಿಮೆ ಬಂದಿತು. ಮಧ್ಯೆ ಮಳೆ ಬಿದ್ದು ಕಾಲುವೆಯ ಬದಿಯ ಮಣ್ಣು ಜಾರಿತ್ತು. ಆ ಒಂದನ್ನು ಹುಡುಕುವಾಗ ಅವನು ಸತ್ತ. ಆ ಸಾಲನ್ನು ನೆಟ್ಟವರಲ್ಲಿ ನಾನೂ ಒಬ್ಬ.

ಊರಿಗೆ ತಂತಿ ಹೋಯಿತು. ನಾನು ಬೇರೆಯಾಗಿ, ಅವನ ತಾಯಿಗೆ ಸಮಾಧಾನ ಹೇಳಿ ಒಂದು ಪತ್ರ ಬರೆದೆ. ಅದೇ ಕೈಬರಹ ಎಂಬುದು ನನಗೆ ಹೊಳೆಯಲೇ ಇಲ್ಲ. ತಂತಿ ತಲುಪಿದ ನಾಲ್ಕನೆಯ ದಿನಕ್ಕೆ ನನ್ನ ಪತ್ರ ತಲುಪಿದೆ. ಆ ತಾಯಿಗೆ ಓದು ಬರದಿದ್ದರೂ ಅಕ್ಷರದ ಆಕಾರ ಗೊತ್ತಿತ್ತು. ಒಡೆದು ಓದುವ ಮೊದಲೇ, ಮಗ ಬರೆದಿದ್ದಾನೆ, ತಂತಿ ಸುಳ್ಳು ಎಂದು ಬೀದಿಗೆಲ್ಲ ಹೇಳಿಕೊಂಡು, ಮೇಷ್ಟ್ರ ಮನೆಗೆ ಓಡಿದರಂತೆ.

ರಜೆಯಲ್ಲಿ ಹೋದಾಗ ಕೈಬರಹದ ಸತ್ಯವನ್ನು ಹೇಳಿದೆ. ಯುದ್ಧ ಮುಗಿಯಿತೆಂದು ರೇಡಿಯೋದಲ್ಲಿ ಹೇಳಿದ ಮೇಲೆ ನನ್ನ ಮಗ ಹೇಗಪ್ಪ ಸತ್ತ ಎಂದು ಆಕೆ ಕೇಳಿದರು. ನಮಗೆ ಇನ್ನೂ ಮುಗಿದಿರಲಿಲ್ಲ ಅಮ್ಮ ಎಂದೆ. ಅದು ಸುಳ್ಳಲ್ಲ. ಆದರೆ ಅದು ನಮ್ಮದೇ ಬಾಂಬು ಎಂಬುದನ್ನೂ, ನೆಟ್ಟವರಲ್ಲಿ ನಾನಿದ್ದೆ ಎಂಬುದನ್ನೂ ಹೇಳಲಿಲ್ಲ. ಆಕೆ ತೀರಿಕೊಂಡು ಬಹಳ ವರ್ಷಗಳಾದವು. ಈಗ ಅವನ ತಮ್ಮನ ಮಗ, ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ಹುಡುಗ, ನನ್ನನ್ನು ಹುಡುಕಿ ಹಿಡಿದಿದ್ದಾನೆ. ‘ದೊಡ್ಡಪ್ಪನ ಬಗ್ಗೆ ಎಲ್ಲವನ್ನೂ ಹೇಳಿ, ಬರೆದಿಡುತ್ತೇನೆ’ ಎನ್ನುತ್ತಾನೆ. ಹೇಳಬೇಕೇ? ನಿಮ್ಮಲ್ಲಿ ಹೀಗೆ ಹೋಗಿ ಬಂದವರು ಏನು ಹೇಳಿದಿರಿ?

ನಿವೃತ್ತ ಗನ್ನರ್ ಹವಾಲ್ದಾರ್, ವಿಜಯನಗರ

ಹಿರಿಯರಿಗೆ ನಮಸ್ಕಾರ. ನಿಮ್ಮ ಕಾಲಕ್ಕೂ ನಮ್ಮ ಕಾಲಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. 1971ರಲ್ಲಿ ಸತ್ತವರ ಅಂತ್ಯಸಂಸ್ಕಾರ ಸಾಮಾನ್ಯವಾಗಿ ರಣರಂಗದ ಹತ್ತಿರವೇ ಆಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ತಂತಿ, ಆಮೇಲೆ ಹೆಸರು ನಂಬರು ಬರೆದ ಕಪ್ಪು ತಗಡಿನ ಪೆಟ್ಟಿಗೆ. ದೇಹವನ್ನೇ ಊರಿಗೆ ಕಳುಹಿಸುವುದು ವಾಡಿಕೆಯಾದದ್ದು 1999ರ ಕಾರ್ಗಿಲ್ ಯುದ್ಧದಲ್ಲಿ. ಹೀಗಾಗಿ ನೀವು ರಜೆ ಸಿಕ್ಕಮೇಲೆ, ಹೇಳಬೇಕಾದ ಮಾತನ್ನು ತಿಂಗಳುಗಟ್ಟಲೆ ಮನಸ್ಸಿನಲ್ಲಿ ಹೊಂದಿಸಿಕೊಂಡು ಹೋದಿರಿ. ನಾವು ಶವಪೆಟ್ಟಿಗೆಯ ಜೊತೆಯಲ್ಲಿಯೇ ಹೋದೆವು.

ನಾನು ದ್ರಾಸ್‌ನಲ್ಲಿ ಬೊಫೋರ್ಸ್ ತೋಪಿನ ಮೇಲಿದ್ದವನು. ಒಂದೊಂದು ಗುಂಡು ನಲವತ್ತು ಕಿಲೋಗಿಂತ ಹೆಚ್ಚು ತೂಕ. ಜೂನ್ 13ರಂದು ತೋಲೋಲಿಂಗ್ ಶಿಖರ ಕೈಗೆ ಬರುವ ಹೊತ್ತಿಗೆ ನಮ್ಮ ಭುಜದ ಚರ್ಮ ಸುಲಿದಿತ್ತು. ಮೇಲೆ ಹತ್ತುತ್ತಿದ್ದ ಪದಾತಿಯವರ ಕಷ್ಟದ ಮುಂದೆ ನಮ್ಮದು ಏನೂ ಅಲ್ಲ, ಅದು ಬೇರೆ ಮಾತು. ಆದರೆ ಎತ್ತರದಲ್ಲಿ ಕುಳಿತ ಶತ್ರುಗಳಿಗೆ ಹೆದ್ದಾರಿಯೂ ನಮ್ಮ ತೋಪುಗಳೂ ಕಾಣುತ್ತಿದ್ದವು. ಅವರು ನೋಡಿ ಹೇಳಿದಂತೆ ಅವರ ತೋಪುಗಳು ನಮ್ಮ ಮೇಲೆ ಗುಂಡು ಸುರಿಸುತ್ತಿದ್ದವು. ನನ್ನ ಜೊತೆಗಾರ ಹೋದದ್ದು ಅಂತಹ ಒಂದು ಗುಂಡಿಗೆ.

ಅವನ ಶವವನ್ನು ಊರಿಗೆ ಒಯ್ಯುವ ಕೆಲಸ ನನಗೆ ಬಂದಿತು. ಬೆಂಗಳೂರಿನವರೆಗೆ ವಿಮಾನ, ಹಳೆಯ ವಿಮಾನ ನಿಲ್ದಾಣದಿಂದ ಉತ್ತರ ಕರ್ನಾಟಕದ ಅವನ ಹಳ್ಳಿಗೆ ರಾತ್ರಿಯಿಡೀ ಲಾರಿ. ದಾರಿಯುದ್ದಕ್ಕೂ ಊರೂರಿನಲ್ಲಿ ಜನ ನಿಂತು ಹೂ ಹಾಕಿದರು. ಮನೆಯ ಮುಂದೆ ಇಳಿಸಿದಾಗ ಅವನ ಸೋದರಮಾವ, ‘ಮುಖ ನೋಡದೆ ಮಣ್ಣಿಗಿಡೂದು ಹ್ಯಾಂಗ ತಮ್ಮಾ?’ ಎಂದು ಕೇಳಿದರು. ಪೆಟ್ಟಿಗೆ ತೆರೆಯಬಾರದೆಂದು ನನಗೆ ಹೇಳಿ ಕಳುಹಿಸಿದ್ದರು. ಒಳಗಿನ ಸ್ಥಿತಿ ನನಗೆ ಗೊತ್ತಿತ್ತು, ಗೊತ್ತಿದೆ ಎಂದು ಹೇಳಲಿಲ್ಲ. ‘ಆದೇಶವಿಲ್ಲ’ ಎಂದೆ. ಅವನ ತಾಯಿ ಬಹಳ ವರ್ಷ, ಪೆಟ್ಟಿಗೆಯಲ್ಲಿದ್ದವನು ತನ್ನ ಮಗನಲ್ಲ, ಮಗ ಸೆರೆಯಲ್ಲಿದ್ದಾನೆ ಎಂದೇ ನಂಬಿದ್ದರು. ಮುಖ ತೋರಿಸಲಾಗುವುದಿಲ್ಲ ಏಕೆಂದರೆ ಹೀಗೆ ಹೀಗೆ ಆಗಿದೆ, ಆದರೆ ಇವನು ನಿಮ್ಮವನೇ, ನಾನೇ ಎತ್ತಿ ಮಲಗಿಸಿದ್ದೇನೆ ಎಂದು ಆ ಮಾವನನ್ನು ಪಕ್ಕಕ್ಕೆ ಕರೆದು ಹೇಳಿದ್ದರೆ ಆಕೆಗೆ ಆ ಕಾಯುವಿಕೆ ತಪ್ಪುತ್ತಿತ್ತು. ಹೇಳಿ ಸರ್. ನಾವು ಮುಚ್ಚಿಟ್ಟ ಜಾಗದಲ್ಲಿ ಅವರು ಇನ್ನೇನನ್ನೋ ತುಂಬಿಕೊಳ್ಳುತ್ತಾರೆ.

ನಿವೃತ್ತ ಸುಬೇದಾರ್, ರಾಜಾಜಿನಗರ

ನಾನು ಒಪ್ಪುವುದಿಲ್ಲ. ಒಮ್ಮೆ ಹೇಳಿ ಕೈಸುಟ್ಟುಕೊಂಡವನು ನಾನು.

ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ನನ್ನ ಜೊತೆ ಭರ್ತಿಯಾದವನೊಬ್ಬ ಗಡಿಯಲ್ಲಿ ಸತ್ತ. ಶತ್ರುವಿನ ಗುಂಡಿನಿಂದಲ್ಲ, ರಾತ್ರಿ ಗಸ್ತಿನಿಂದ ಮರಳುವಾಗ ಕಾಲು ಜಾರಿ ಕಮರಿಗೆ ಬಿದ್ದು. ಊರಿನವರು ಶಾಲೆಯ ಗೋಡೆಗೆ ಕಲ್ಲು ಹಾಕಿಸಿ, ‘ವೈರಿಗಳೊಡನೆ ಹೋರಾಡಿ’ ಎಂದು ಕೆತ್ತಿಸಿದ್ದರು. ಅವನ ತಂದೆ ಒತ್ತಾಯಿಸಿ ಕೇಳಿದಾಗ ನಾನು ಇದ್ದದ್ದನ್ನು ಹೇಳಿದೆ. ಅವರು ನೇರ ಮನುಷ್ಯ, ಹೋಗಿ ಕಲ್ಲನ್ನು ತಿದ್ದಿಸಿ ಎಂದರು. ಊರು ಎರಡು ಪಾಲಾಯಿತು. ಜಾರಿಬಿದ್ದವನಿಗೆ ಇಷ್ಟೆಲ್ಲ ಯಾಕೆ ಎಂದು ಆಡಿಕೊಂಡವರೂ ಹುಟ್ಟಿದರು. ಹಿಮದ ಮೇಲೆ ರಾತ್ರಿ ನಡೆಯದವರಿಗೆ ಜಾರುವುದೆಂದರೆ ಬಚ್ಚಲಲ್ಲಿ ಜಾರಿದಂತೆ ಎಂದೇ ತಿಳಿವಳಿಕೆ. ನಾನು ಹೇಳಿದ ಸತ್ಯ ಆ ತಂದೆಯ ಕೈಯಲ್ಲಿ ಉಳಿಯಲಿಲ್ಲ, ಚಹಾದಂಗಡಿಗೆ ಹೋಯಿತು.

ಸ್ಯಾಪರ್ ಸಾಹೇಬರೇ, ಆ ಹುಡುಗ ಬರೆದಿಡುತ್ತೇನೆ ಎನ್ನುತ್ತಿದ್ದಾನೆ. ಬರೆದದ್ದು ನಾಳೆ ಫೋನಿನಿಂದ ಫೋನಿಗೆ ಹೋಗುತ್ತದೆ. ‘ನಮ್ಮದೇ ಬಾಂಬು’ ಎಂಬ ಎರಡು ಪದ ಮಾತ್ರ ಉಳಿದು, ಲೆಕ್ಕಕ್ಕೆ ಕಡಿಮೆ ಬಂದ ಒಂದನ್ನು ಯಾರದೋ ಹೊಲದಲ್ಲಿ ಬಿಡಬಾರದೆಂದು ಅವನು ಹುಡುಕಿದ ಎಂಬುದು ಕಳೆದುಹೋಗುತ್ತದೆ.

ಸೈನಿಕನ ಪತ್ನಿ, ಬಾಣಸವಾಡಿ

ಇಷ್ಟು ಹೊತ್ತು ಹೇಳಬೇಕಾದವರು ಮಾತನಾಡಿದಿರಿ. ನಾನು ಕೇಳಿಸಿಕೊಂಡವಳು, ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮವರು ಭಾರತದ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋಗಿದ್ದರು. ಬೆಂಗಳೂರಿನಲ್ಲಿ ಬೆಳೆದವರಾದ್ದರಿಂದ ತಮಿಳು ಬರುತ್ತಿತ್ತು, ಅಲ್ಲಿ ಅಧಿಕಾರಿಗಳಿಗೆ ಊರಿನವರ ಮಾತನ್ನು ತಿಳಿಸಿ ಹೇಳುವ ಕೆಲಸವೂ ಅವರ ಮೇಲೆಯೇ ಬಿದ್ದಿತ್ತಂತೆ. 1987ರ ಅಕ್ಟೋಬರಿನಲ್ಲಿ ಜಾಫ್ನಾದ ಕಾಳಗ ಶುರುವಾಯಿತು. ಆ ವರ್ಷ ಮುಗಿಯುವುದರೊಳಗೆ ನನಗೆ ತಂತಿ ಬಂದಿತು. 1990ರ ಮಾರ್ಚಿನಲ್ಲಿ ಪಡೆ ಮರಳುವಷ್ಟರಲ್ಲಿ ಸುಮಾರು 1,200 ಮಂದಿ ತೀರಿಕೊಂಡಿದ್ದರು. ಅದು ಯಾರ ಯುದ್ಧ, ನಿಮ್ಮವರು ಅಲ್ಲಿಗೆ ಯಾಕೆ ಹೋಗಿದ್ದರು ಎಂದು ನಮ್ಮ ಬೀದಿಯಲ್ಲಿಯೇ ಕೇಳಿದವರಿದ್ದಾರೆ.

ಅವರ ಜೊತೆಗಾರರು ಮೂವರು, ಬೇರೆ ಬೇರೆ ಸಮಯದಲ್ಲಿ, ನಮ್ಮ ಮನೆಗೆ ಬಂದರು. ಮೊದಲನೆಯವರು, ಮರೆಯಿಂದ ಹಾರಿದ ಗುಂಡು, ಕ್ಷಣದಲ್ಲಿ ಪ್ರಾಣ ಹೋಯಿತು ಎಂದರು. ಎರಡನೆಯವರು, ಗಾಯಗೊಂಡವರನ್ನು ಹೊತ್ತು ತರುತ್ತಿದ್ದಾಗ ಎಂದರು. ಮೂರನೆಯವರು ಅತ್ತು, ಕಾಫಿಯನ್ನೂ ಕುಡಿಯದೆ ಎದ್ದುಹೋದರು. ನಾನು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಎಷ್ಟೋ ರಾತ್ರಿ ನೋಡಿದ್ದೇನೆ. ಮೂರರಲ್ಲಿ ಮೂರನೆಯದೇ ಹೆಚ್ಚು ನಿಜ ಅನ್ನಿಸುತ್ತಿತ್ತು.

ಇಪ್ಪತ್ತು ವರ್ಷಗಳ ಮೇಲೆ, ಮಾಜಿ ಸೈನಿಕರ ಆಸ್ಪತ್ರೆಯ ಸರದಿಯಲ್ಲಿ ಕುಳಿತಿದ್ದಾಗ, ನನ್ನ ಕಾರ್ಡಿನ ಮೇಲಿನ ಹೆಸರನ್ನು ಓದಿದ ಒಬ್ಬರು ಎದ್ದು ನಿಂತುಬಿಟ್ಟರು. ಆ ದಿನ ಗಾಡಿ ಓಡಿಸುತ್ತಿದ್ದವರು ಅವರು. ಗಾಡಿ ಕೆಟ್ಟು ನಿಂತಿತ್ತಂತೆ. ರಿಪೇರಿಯಾಗುವವರೆಗೆ ಎಲ್ಲರಿಗೂ ಚಹಾ ಕಾಯಿಸುತ್ತೇನೆಂದು ಇವರು ಕೆಳಗಿಳಿದು, ರಸ್ತೆಯ ಬದಿಯಲ್ಲಿ ಮೂರು ಕಲ್ಲು ಹುಡುಕುತ್ತಿದ್ದರಂತೆ. ಕಲ್ಲಿನ ಪಕ್ಕದಲ್ಲಿಯೇ ಬಾಂಬು ಹೂತಿಟ್ಟಿದ್ದರು.

ಅಣ್ಣಂದಿರೇ, ಗುಂಡಿಗೆ ಎದೆಯೊಡ್ಡಿದ ವೀರರನ್ನು ನಾನು ಕಂಡಿರಲಿಲ್ಲ. ರಜೆಯಲ್ಲಿ ಬಂದಾಗ, ನಾನು ಏಳುವ ಮೊದಲೇ ಎದ್ದು ಚಹಾ ಕಾಯಿಸಿಡುತ್ತಿದ್ದ ಮನುಷ್ಯನನ್ನು ಕಂಡಿದ್ದೆ. ಆ ಡ್ರೈವರು ನನಗೆ ಅವರನ್ನು ತಿರುಗಿ ಕೊಟ್ಟರು. ಸುಬೇದಾರರ ಭಯ ನನಗೆ ಅರ್ಥವಾಗುತ್ತದೆ. ಆದರೆ ಊರಿಗೆ ಹೇಳುವುದು ಬೇರೆ, ಮನೆಗೆ ಹೇಳುವುದು ಬೇರೆ. ಸ್ಯಾಪರ್ ಅಣ್ಣನವರು ಫೋನಿನಲ್ಲಿ ಹೇಳಬೇಡಿ, ಆ ಹುಡುಗನಿಗೆ ಮೊದಲು ಹೇಳಬೇಡಿ. ನಿಮ್ಮ ಜೊತೆಗಾರನ ತಮ್ಮ ಬದುಕಿದ್ದರೆ, ಅವರ ಎದುರಿಗೆ ಹೋಗಿ ಕುಳಿತು ಹೇಳಿ. ಕೊಟ್ಟ ಕಾಫಿ ಕುಡಿಯಿರಿ.

ನಾವಿಕನ ತಮ್ಮ, ಮಲ್ಲೇಶ್ವರ

ನಮ್ಮಣ್ಣ ಐಎನ್‌ಎಸ್ ಖುಕ್ರಿಯಲ್ಲಿದ್ದ. 1971ರ ಡಿಸೆಂಬರ್ 9ರ ರಾತ್ರಿ, ದಿಯುವಿನ ಆಚೆಯ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ಆ ಹಡಗನ್ನು ಮುಳುಗಿಸಿತು. ಕ್ಯಾಪ್ಟನ್ ಮುಲ್ಲಾ ಅವರ ಸಹಿತ 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಮೇಲೆ ಪೆಟ್ಟಿಗೆಯ ಮಾತು ಬಂದಿತು. ನಮಗೆ ದೇಹವಿಲ್ಲ, ಬೂದಿಯಿಲ್ಲ, ಪೆಟ್ಟಿಗೆಯೂ ಇಲ್ಲ, ಅದೂ ಹಡಗಿನ ಜೊತೆ ಹೋಯಿತು. ನಮ್ಮ ತಂದೆ ಬದುಕಿ ಬಂದವರಿಗೆ ಪತ್ರ ಬರೆದು ವಿಚಾರಿಸಿದರು. ಉತ್ತರ ಬರೆದ ಯಾರೂ ಆ ರಾತ್ರಿ ಅಣ್ಣನನ್ನು ಕಂಡಿರಲಿಲ್ಲ. ಎಂಜಿನ್ ಕೋಣೆಯಲ್ಲಿದ್ದನೇ, ಮಲಗಿದ್ದನೇ, ಊಟಕ್ಕೆ ಕುಳಿತಿದ್ದನೇ ಎಂಬುದೂ ಗೊತ್ತಿಲ್ಲ. ನಿಮ್ಮ ಹತ್ತಿರ ಇರುವಂತಹ ಒಂದು ಸಂಗತಿ, ಅದು ಎಷ್ಟೇ ಕಹಿಯಾಗಿರಲಿ, ನಮಗೆ ಸಿಕ್ಕಿದ್ದರೆ ನಮ್ಮ ತಂದೆ ಅದನ್ನು ಆಸ್ತಿಯಂತೆ ಇಟ್ಟುಕೊಳ್ಳುತ್ತಿದ್ದರು.

ವಾಯುಪಡೆಯ ನಿವೃತ್ತ ತಂತ್ರಜ್ಞ, ಜಾಲಹಳ್ಳಿ

ಒಂದು ವ್ಯಾವಹಾರಿಕ ಸಂಗತಿ. ಇಂತಹ ಪ್ರತಿ ಸಾವಿಗೂ ತುಕಡಿಯಲ್ಲಿ ವಿಚಾರಣೆ ನಡೆದು ಕಾಗದ ಆಗಿರುತ್ತದೆ. ಸ್ಯಾಪರುಗಳ ದಾಖಲೆ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲಿಯೇ. ಆ ಹುಡುಗ ಹುಡುಕುವ ಸ್ವಭಾವದವನಾದರೆ ಇಂದಲ್ಲ ನಾಳೆ ಅಲ್ಲಿಗೆ ಅರ್ಜಿ ಹಾಕುತ್ತಾನೆ. ಕಾಗದದಲ್ಲಿ ನಾಲ್ಕು ಸಾಲಿರುತ್ತದೆ, ಕಾಲುವೆಯ ಬದಿ, ಮಳೆ, ನಿಮ್ಮ ಗೆಳೆತನ ಯಾವುದೂ ಇರುವುದಿಲ್ಲ. ಅವನು ಆ ನಾಲ್ಕು ಸಾಲನ್ನು ಓದುವ ಮೊದಲು ನಿಮ್ಮಿಂದ ಕೇಳಲಿ.

ಕನ್ನಡ ಮೇಷ್ಟ್ರು, ಬೇಗೂರು

ನಾನು ಸೈನ್ಯದವನಲ್ಲ, ಆದರೂ ಕಲ್ಲಿನ ಮಾತು ಬಂದದ್ದರಿಂದ ಒಂದು ಸಂಗತಿ. ನಮ್ಮೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಕ್ರಿ.ಶ. 900ರ ಸುಮಾರಿನ ವೀರಗಲ್ಲಿನ ಶಾಸನದಲ್ಲಿ, ನಾಗತ್ತರನ ಕಡೆಯವನೊಬ್ಬ ‘ಬೆಂಗುಳೂರ ಕಾಳೆಗ’ದಲ್ಲಿ ಸತ್ತನೆಂದಿದೆ. ಈ ನಗರದ ಹೆಸರು ನಮಗೆ ಸಿಗುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಅದೊಂದು. ಸಾಮಾನ್ಯವಾಗಿ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಅವನು ಸತ್ತ ಬಗೆ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ದನ ಬಿಡಿಸಿಕೊಳ್ಳಲು ಹೋಗಿ ಸತ್ತವನ ಕಲ್ಲಿನಲ್ಲಿ ದನಗಳನ್ನೂ ಕೆತ್ತುತ್ತಿದ್ದರು, ಹುಲಿಯೊಡನೆ ಸತ್ತವನ ಕಲ್ಲಿನಲ್ಲಿ ಹುಲಿಯನ್ನು. ಸುಬೇದಾರರ ಗೆಳೆಯನ ಊರಿನವರು ಕೆಳಗಿನ ಪಟ್ಟಿಕೆಯನ್ನು ಬಿಟ್ಟು ನೇರ ಕೈಲಾಸಕ್ಕೆ ಹೋದದ್ದರಿಂದಲೇ ತೊಂದರೆಯಾಯಿತೇನೋ.

ನಿವೃತ್ತ ಸುಬೇದಾರ್, ರಾಜಾಜಿನಗರ

ಮೇಷ್ಟ್ರೇ, ಹಳೆಯ ಕಲ್ಲಿನ ಸುತ್ತ ಚಹಾದಂಗಡಿ ಇರಲಿಲ್ಲ. ಆದರೂ ಬಾಣಸವಾಡಿಯ ತಂಗಿ ಹೇಳಿದ ಊರು-ಮನೆಯ ವ್ಯತ್ಯಾಸವನ್ನು ಒಪ್ಪುತ್ತೇನೆ. ನಾನು ಆ ತಂದೆಗೆ ಹೇಳಿದ್ದು ಶಾಲೆಯ ಅಂಗಳದಲ್ಲಿ, ಹತ್ತು ಜನರ ಮುಂದೆ. ಅದು ನನ್ನದೇ ತಪ್ಪು.

ನಿವೃತ್ತ ಸ್ಯಾಪರ್, ಹಲಸೂರು

ಎಲ್ಲರಿಗೂ ಉತ್ತರಿಸಲು ಮೂರು ವಾರ ತಡವಾಯಿತು. ಕಳೆದ ಭಾನುವಾರ ಆ ಹುಡುಗನೇ ಕಾರಿನಲ್ಲಿ ಕರೆದುಕೊಂಡು ಹೋದ. ಹೊಸಕೋಟೆ, ಕೋಲಾರ ದಾಟುವವರೆಗೂ ನಾನು ಬಾಯಿ ಬಿಡಲಿಲ್ಲ. ಅವನೂ ಒತ್ತಾಯಿಸಲಿಲ್ಲ, ಒಳ್ಳೆಯ ಹುಡುಗ.

ತಮ್ಮನಿಗೆ ಈಗ ಅರವತ್ತು ದಾಟಿದೆ. ನಾನು ಮೊದಲು ಹೋದಾಗ ಕಂಬದ ಹಿಂದೆ ನಿಂತು ನನ್ನ ಬೂಟನ್ನೇ ನೋಡುತ್ತಿದ್ದ ಹುಡುಗ. ಮಗನನ್ನು ಹೊರಗೆ ಕಳುಹಿಸಲು ಹೇಳಿ, ಇಬ್ಬರೇ ಕುಳಿತಾಗ ಎಲ್ಲವನ್ನೂ ಹೇಳಿದೆ. ನಾವು ಸಾಲು ಹಿಡಿದು ನೆಟ್ಟದ್ದು, ಮಳೆ, ಲೆಕ್ಕಕ್ಕೆ ಒಂದು ಕಡಿಮೆ ಬಂದದ್ದು, ನಾನು ಇಪ್ಪತ್ತು ಗಜ ದೂರದಲ್ಲಿದ್ದದ್ದು. ಅವರು ನಡುವೆ ಮಾತನಾಡಲಿಲ್ಲ. ಮುಗಿದ ಮೇಲೆ, ಆ ಹೊಲದಲ್ಲಿ ಈಗ ಬೆಳೆ ಇಡುತ್ತಾರೆಯೇ ಎಂದು ಕೇಳಿದರು. ಅದೇ ವರ್ಷ ಗೋಧಿ ಬಿತ್ತಿದ್ದನ್ನು ನಾನೇ ಕಂಡಿದ್ದೆ, ಹೇಳಿದೆ. ಸರಿ ಎಂದರು.

ಆಮೇಲೆ ಎದ್ದು ಒಳಗೆ ಹೋಗಿ, ಕಪ್ಪು ಪೆಟ್ಟಿಗೆಯಿಂದ ಒಂದು ಬಟ್ಟೆಯ ಗಂಟನ್ನು ತಂದರು. ನಾನು ಬರೆದ ಇನ್‌ಲ್ಯಾಂಡ್ ಪತ್ರಗಳು, ಹದಿನಾಲ್ಕು. ಐವತ್ತು ವರ್ಷಗಳಿಂದ ಅವರ ಮನಸ್ಸಿನಲ್ಲಿದ್ದ ಪ್ರಶ್ನೆ ಬಾಂಬಿನದಲ್ಲ. ‘ಇದರಲ್ಲಿ, ಅಮ್ಮನ ಕೆಮ್ಮು ಹೇಗಿದೆ, ತಮ್ಮನನ್ನು ಶಾಲೆ ಬಿಡಿಸಬೇಡಿ ಎಂದು ಬರೆದಿದೆಯಲ್ಲ, ಅದನ್ನು ಅಣ್ಣ ಹೇಳಿ ಬರೆಸಿದನೇ, ನೀವು ಸೇರಿಸಿದಿರಾ?’

ಈ ಪ್ರಶ್ನೆಗೆ ನಾನು ಸಿದ್ಧನಾಗಿ ಹೋಗಿರಲಿಲ್ಲ. ಏಕೆಂದರೆ ಸೇರಿಸುತ್ತಿದ್ದೆ. ಅವನು, ಚೆನ್ನಾಗಿದ್ದೇನೆ, ಹಣ ತಲುಪಿತೇ ಎಂದಷ್ಟೇ ಹೇಳಿ ಎದ್ದುಬಿಡುತ್ತಿದ್ದ. ಪತ್ರದಲ್ಲಿ ಜಾಗ ಉಳಿಯುತ್ತಿತ್ತು, ನಾನು ನನ್ನ ತಾಯಿಗೆ ಬರೆಯುವಂತೆ ನಾಲ್ಕು ಸಾಲು ತುಂಬಿಸುತ್ತಿದ್ದೆ. ಓದಿ ಹೇಳಿದಾಗ, ಇರಲಿ ಬಿಡು, ಚೆನ್ನಾಗಿದೆ ಎನ್ನುತ್ತಿದ್ದ.

ಕನ್ನಡಕ ಹಾಕಿಕೊಂಡು ಹದಿನಾಲ್ಕನ್ನೂ ಒಂದೊಂದಾಗಿ ಓದಿದೆವು. ಹುಡುಗನನ್ನು ಒಳಗೆ ಕರೆದು, ನಾನು ಹೇಳಿದಂತೆ ಗುರುತು ಹಾಕಲು ಹೇಳಿದೆ. ಕೆಮ್ಮಿನ ಮಾತು ನನ್ನದು. ಶಾಲೆ ಬಿಡಿಸಬೇಡಿ ಎಂಬುದು ಅವನದು, ಅದನ್ನು ಎರಡು ಸಲ ಬರೆಸಿದ್ದ, ಎರಡನೆಯ ಸಲ ಕೆಳಗೆ ಗೆರೆ ಎಳೆ ಎಂದಿದ್ದ. ಗೆರೆ ಇನ್ನೂ ಇತ್ತು. ಮೂರು ಪತ್ರಗಳಲ್ಲಿ ಯಾವುದು ಯಾರದೆಂದು ನನಗೆ ನೆನಪಾಗಲಿಲ್ಲ. ಅವುಗಳಿಗೆ ಗುರುತು ಹಾಕದೆ ಹಾಗೆಯೇ ಮಡಿಸಿ ಇಟ್ಟೆವು.